ಬೆಂಚ್ ಮೇಲೆ ಕೂತವರ ಕೋಚ್

ನನ್ನ ತಂಡದಲ್ಲಿ 30 ಹುಡುಗಿಯರಿದ್ದಾರೆ. ಪಂದ್ಯ ಶುರುವಾಗುವಾಗ ಮೈದಾನಕ್ಕೆ ಇಳಿಯುವವರು 11. ಅಮೆರಿಕದ ಕಾಲೇಜು ಸಾಕರ್‌ನಲ್ಲಿ (ನಮ್ಮ ಫುಟ್‌ಬಾಲ್‌ಗೆ ಇಲ್ಲಿನ ಹೆಸರು) ವಿಶ್ವಕಪ್‌ನ ಹಾಗೆ ಐದೇ ಬದಲಿ ಆಟಗಾರರು ಅನ್ನುವ ಮಿತಿ ಇಲ್ಲ. ಹೊರಗೆ ಬಂದವಳು ಎರಡನೇ ಅರ್ಧದಲ್ಲಿ ಒಂದು ಸಲ ಮತ್ತೆ ಒಳಗೆ ಹೋಗಬಹುದು. ಹೀಗೆ ಧಾರಾಳವಾಗಿ ಬದಲಾಯಿಸಿದರೂ ನಿಜವಾಗಿ ಆಡುವವರು ಹದಿನೆಂಟು, ಹೆಚ್ಚೆಂದರೆ ಇಪ್ಪತ್ತು ಜನ. ಉಳಿದ ಹತ್ತು ಜನ ಬೂಟು ಕಟ್ಟಿಕೊಂಡು, ವಾರ್ಮ್‌ಅಪ್ ಮಾಡಿ, 90 ನಿಮಿಷ ಕೂತು, ಎದ್ದು ಬಸ್ ಹತ್ತುತ್ತಾರೆ. ಹೆಡ್ ಕೋಚ್ ಕೆಲಸ ಅಂದರೆ ತಂಡವನ್ನು ಗೆಲ್ಲಿಸುವುದು ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಗೆಲ್ಲಿಸಬೇಕು, ಇಲ್ಲ ಅನ್ನಲ್ಲ. ಆದರೆ ಆ ಹತ್ತು ಜನರ ಹತ್ತಿರ ಹೇಗೆ ಮಾತಾಡುತ್ತೇವೆ ಅನ್ನುವುದರ ಮೇಲೆ ಈ ನೌಕರಿ ಜಾಸ್ತಿ ನಿಂತಿದೆ ಅಂತ ನಾನು ನಂಬಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಒಹಾಯೊ ರಾಜ್ಯದ ಒಂದು ಸಣ್ಣ ಊರಿನ ಕಾಲೇಜಿನಲ್ಲಿ ಮಹಿಳಾ ಸಾಕರ್ ತಂಡದ ಹೆಡ್ ಕೋಚ್. ಹುಟ್ಟಿ ಬೆಳೆದಿದ್ದು ಬೆಂಗಳೂರು. ಆಡಲು ಕಲಿತಿದ್ದು ಆಸ್ಟಿನ್ ಟೌನ್ ಮೈದಾನದಲ್ಲಿ, ಹುಡುಗರ ಜೊತೆ. ಮಾಸ್ಟರ್ಸ್ ಮಾಡಲು ಇಲ್ಲಿಗೆ ಬಂದು ಗ್ರಾಜುಯೇಟ್ ಅಸಿಸ್ಟೆಂಟ್ ಆದೆ. ಫೀಸ್ ಮನ್ನಾ, ಕೈಖರ್ಚಿಗೆ ಒಂದಿಷ್ಟು ದುಡ್ಡು. ಅದಕ್ಕೆ ಬದಲಾಗಿ ಚೆಂಡಿಗೆ ಗಾಳಿ ತುಂಬುವುದರಿಂದ ಹಿಡಿದು ರಾತ್ರಿ ವಿಡಿಯೊ ಕತ್ತರಿಸುವವರೆಗೆ ಎಲ್ಲ ಕೆಲಸವೂ ನಮ್ಮದೇ. ಆಮೇಲೆ ಅಸಿಸ್ಟೆಂಟ್ ಕೋಚ್, ಈಗ ಹೆಡ್ ಕೋಚ್. ವೀಸಾದ ಬಗ್ಗೆ ಕೇಳುವವರಿಗೆ ಒಂದು ಮಾತು: ಕಾಲೇಜುಗಳಿಗೆ ಎಚ್-1ಬಿ ಲಾಟರಿ ಇಲ್ಲ. ನನ್ನ ಐಟಿ ಗೆಳೆಯರು ಲಾಟರಿ ಕಾಯುತ್ತಾ ಕೂತಿದ್ದಾಗ ನಾನು ಆರಾಮಾಗಿ ಜೆರ್ಸಿ ಒಗೆಯುತ್ತಿದ್ದೆ. ಸಂಬಳದ ವಿಷಯಕ್ಕೆ ಬಂದರೆ ನಗುವುದು ಅವರ ಸರದಿ.

ನಮ್ಮದು ಎನ್‌ಸಿಎಎ ಡಿವಿಷನ್ 3, ಅಂದರೆ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆಯ ಮೂರು ದರ್ಜೆಗಳಲ್ಲಿ ಮೂರನೆಯದು. ಇಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡುವ ಹಾಗೇ ಇಲ್ಲ. ಟಿವಿಯಲ್ಲಿ ಬರುವ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಒಬ್ಬ ಹೆಡ್ ಕೋಚ್ ಕೈಕೆಳಗೆ ಮೂರ್ನಾಲ್ಕು ಸಹಾಯಕರು, ಪ್ರವಾಸ ನೋಡಿಕೊಳ್ಳುವವರು, ಬಟ್ಟೆ ಒಗೆಯುವವರು ಇರುತ್ತಾರೆ. ನಮ್ಮಲ್ಲಿ ನಾನು, ಪೂರ್ಣಾವಧಿಯ ಒಬ್ಬ ಅಸಿಸ್ಟೆಂಟ್, ಸಂಜೆ ಬಂದುಹೋಗುವ ಗೋಲ್‌ಕೀಪರ್ ಕೋಚ್. ಬಸ್ ಬುಕ್ ಮಾಡುವುದು ನಾನು. ಪಂದ್ಯದ ನಂತರದ ಊಟಕ್ಕೆ ಯಾರಿಗೆ ಚಿಕನ್, ಯಾರಿಗೆ ಬೀನ್ಸ್ ಅಂತ ಪಟ್ಟಿ ಮಾಡುವುದೂ ನಾನೇ. ನನ್ನ ಮೊಸರನ್ನದ ಡಬ್ಬಿ ಬಸ್ಸಿನ ಮೊದಲ ಸೀಟಿನಲ್ಲಿ ಬೇರೆ ಇರುತ್ತದೆ. ಫೋನ್ ಮಾಡಿದಾಗ ಅಮ್ಮ ಈಗಲೂ ಕೇಳುತ್ತಾಳೆ: "ಅಷ್ಟೆಲ್ಲಾ ಓದಿ ಕೊನೆಗೆ ಮಕ್ಕಳನ್ನ ಆಟ ಆಡಿಸ್ಕೊಂಡು ಕೂತ್ಯಲ್ಲೇ?"

ಇಷ್ಟು ದೊಡ್ಡ ತಂಡ ಯಾಕೆ ಅಂತ ಕೇಳಬಹುದು. ಅದಕ್ಕೆ ಎರಡು ಕಾರಣ. ಮೊದಲನೆಯದು ಹಳೆಯದು. 1972ರಲ್ಲಿ ಟೈಟಲ್ ನೈನ್ ಕಾನೂನು ಬಂತು. ಕೇಂದ್ರ ಸರ್ಕಾರದ ದುಡ್ಡು ತೆಗೆದುಕೊಳ್ಳುವ ಶಿಕ್ಷಣ ಸಂಸ್ಥೆಗಳು ಗಂಡು ಹೆಣ್ಣು ಅಂತ ಭೇದ ಮಾಡುವ ಹಾಗಿಲ್ಲ ಎಂದಾಯಿತು. ಹುಡುಗರ ಅಮೆರಿಕನ್ ಫುಟ್‌ಬಾಲ್ ತಂಡವೊಂದರಲ್ಲೇ ನೂರರ ಹತ್ತಿರ ಜನ ಇರುತ್ತಾರೆ. ಅದಕ್ಕೆ ಸರಿದೂಗಿಸಲು ಹುಡುಗಿಯರಿಗೂ ದೊಡ್ಡ ತಂಡ ಬೇಡುವ ಆಟ ಬೇಕಾಯಿತು. ಸಾಕರ್‌ಗೆ ಬೇಕಾಗಿದ್ದು ಹುಲ್ಲಿನ ಮೈದಾನ, ಎರಡು ಗೋಲು, ಒಂದು ಚೀಲ ಚೆಂಡು. ಕಾಲೇಜುಗಳಿಗೆ ಕಡಿಮೆ ಖರ್ಚಿನಲ್ಲಿ ಲೆಕ್ಕ ಸರಿಹೋಯಿತು. 1982ರಲ್ಲಿ ಎನ್‌ಸಿಎಎ ಮೊದಲ ಮಹಿಳಾ ಸಾಕರ್ ಚಾಂಪಿಯನ್‌ಶಿಪ್ ನಡೆಸಿದಾಗ ಅದರಲ್ಲಿ ಆಡಿದ್ದು 12 ತಂಡ. ಈಗ ಡಿವಿಷನ್ 1ರಲ್ಲಿ ಮುನ್ನೂರಕ್ಕೂ ಜಾಸ್ತಿ, ನಮ್ಮ ಡಿವಿಷನ್ 3ರಲ್ಲಿ ನಾನೂರಕ್ಕೂ ಜಾಸ್ತಿ ಕಾಲೇಜುಗಳು ತಂಡ ಕಟ್ಟಿವೆ.

ಎರಡನೇ ಕಾರಣವನ್ನು ಕೋಚ್‌ಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತೇವೆ. ಸಣ್ಣ ಖಾಸಗಿ ಕಾಲೇಜುಗಳು ಬದುಕುವುದು ಫೀಸ್ ಮೇಲೆ. ತಂಡಕ್ಕೆ ಸೇರುವ ಪ್ರತಿ ಹುಡುಗಿಯೂ ಒಂದು ಅಡ್ಮಿಷನ್. ಹಾಗಾಗಿ ಕೋಚ್‌ಗೆ ಗೋಲಿನ ಲೆಕ್ಕದ ಜೊತೆಗೆ ತಲೆ ಲೆಕ್ಕವೂ ಇರುತ್ತದೆ. ಈ ವರ್ಷ ಇಷ್ಟು ಜನರನ್ನು ಕರೆತನ್ನಿ ಅಂತ ಒಂದು ಸಂಖ್ಯೆ ಬರುತ್ತದೆ. ಆ ಸಂಖ್ಯೆಯನ್ನು ಮುಟ್ಟುವುದು ಸುಲಭ. ಪ್ರತಿ ಹುಡುಗಿಗೂ "ನೀನು ಮೊದಲ ವರ್ಷವೇ ಆಡ್ತೀಯ" ಅಂದರೆ ಸಾಕು. ಮೂಗಿಗೆ ತುಪ್ಪ ಸವರಿ ಕರೆತಂದರೆ ಆಗಸ್ಟ್‌ನಲ್ಲಿ ತಂಡ ತುಂಬಿರುತ್ತದೆ, ಡಿಸೆಂಬರ್‌ಗೆ ಅರ್ಧ ಖಾಲಿ. ಆಮೇಲೆ ಅದೇ ಊರುಗಳಿಗೆ ಮತ್ತೆ ಹೋಗಿ ಯಾವ ಮುಖ ತೋರಿಸುವುದು? ಹೈಸ್ಕೂಲ್ ಹುಡುಗಿಯರು ಆಡುವ ಕ್ಲಬ್‌ಗಳ ಕೋಚ್‌ಗಳು ಒಬ್ಬರಿಗೊಬ್ಬರು ಫೋನ್ ಮಾಡುತ್ತಾರೆ. ಯಾವ ಕಾಲೇಜಿನ ಕೋಚ್ ಸುಳ್ಳು ಹೇಳುತ್ತಾರೆ ಅನ್ನುವ ಸುದ್ದಿ ನಮಗಿಂತ ಮುಂಚೆ ಅಲ್ಲಿ ತಲುಪಿರುತ್ತದೆ.

ಆಟಗಾರ್ತಿಯರನ್ನು ಹುಡುಕುವ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ವರ್ಷದ ಬಹುಪಾಲು ಅದಕ್ಕೇ ಹೋಗುತ್ತದೆ. ಶನಿವಾರ ಭಾನುವಾರ ಕ್ಲಬ್ ಟೂರ್ನಿಗಳು. ಒಂದೇ ಜಾಗದಲ್ಲಿ ಹತ್ತಾರು ಮೈದಾನ, ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಸಾಲಾಗಿ ಕೂತ ಕಾಲೇಜು ಕೋಚ್‌ಗಳು. ಎಲ್ಲರ ಟೀ ಶರ್ಟ್ ಮೇಲೂ ಕಾಲೇಜಿನ ಹೆಸರು ಎದ್ದು ಕಾಣಬೇಕು. ನಾವು ನೋಡಲು ಬಂದಿದ್ದೇವೆ ಅಂತ ಹುಡುಗಿಗೆ ಗೊತ್ತಾಗಲಿ ಅನ್ನುವುದು ಲೆಕ್ಕ. ಕೈಯಲ್ಲಿರುವ ಪಟ್ಟಿಯಲ್ಲಿ 14ನೇ ನಂಬರ್ ಡಿಫೆಂಡರ್ ಅಂತ ಇರುತ್ತದೆ. ಮೈದಾನದಲ್ಲಿ 14 ಹಾಕಿಕೊಂಡವಳು ಗೋಲ್ ಹೊಡೆಯುತ್ತಿರುತ್ತಾಳೆ. ಜೆರ್ಸಿ ಮರೆತು ಗೆಳತಿಯದು ಹಾಕಿಕೊಂಡು ಬಂದಿರುತ್ತಾಳೆ ಅಷ್ಟೇ. ಅರ್ಧ ದಿನ ಇದೇ ಗೋಳು.

ಚೆಂಡು ಕಾಲಲ್ಲಿದ್ದಾಗ ಏನು ಮಾಡುತ್ತಾಳೆ ಅನ್ನುವುದು ವಿಡಿಯೊದಲ್ಲೂ ಕಾಣುತ್ತದೆ. ವಿಡಿಯೊದಲ್ಲಿ ಸಿಗದ್ದನ್ನು ನೋಡಲು ನಾನು ಅಷ್ಟು ದೂರ ಡ್ರೈವ್ ಮಾಡುವುದು. ಮುಖ್ಯವಾಗಿ, ಹೊರಗೆ ಕರೆದಾಗ ಹೇಗೆ ಬರುತ್ತಾಳೆ. ಬಂದು ಎಲ್ಲಿ ಕೂರುತ್ತಾಳೆ. ಬೆಂಚ್‌ನ ತುದಿಯಲ್ಲಿ ಒಬ್ಬಳೇ ಕೂತು ಬಾಟಲಿ ಮುಚ್ಚಳ ತಿರುಗಿಸುತ್ತಾಳಾ, ಒಳಗೆ ಹೋದವಳಿಗೆ ಏನಾದರೂ ಕೂಗಿ ಹೇಳುತ್ತಾಳಾ? ಒಬ್ಬಳು ಹೊರಗೆ ಬಂದ ಕೂಡಲೇ ತನ್ನ ಜಾಗಕ್ಕೆ ಹೋಗುತ್ತಿದ್ದವಳ ಕೈ ಹಿಡಿದು, "ಅವಳ ಎಡಗಾಲು ಸುಮ್ನೆ ನೆಪಕ್ಕೆ, ಬಲಕ್ಕೇ ತಿರುಗ್ತಾಳೆ" ಅಂತ ಎದುರಾಳಿ ವಿಂಗರ್ ಬಗ್ಗೆ ಹೇಳಿದ್ದನ್ನು ನಾನು ಹತ್ತಿರದಿಂದ ಕೇಳಿಸಿಕೊಂಡೆ. ಅವಳ ಓಟ ಸಾಧಾರಣ. ಆದರೂ ಅವತ್ತೇ ಅವಳ ಹೆಸರಿನ ಮುಂದೆ ನಕ್ಷತ್ರ ಹಾಕಿದೆ.

ಹುಡುಗಿಯೂ ಮನೆಯವರೂ ಕಾಲೇಜು ನೋಡಲು ಬಂದಾಗ ನನ್ನ ಆಫೀಸಿನಲ್ಲಿ ಒಂದು ಬಿಳಿ ಬೋರ್ಡ್ ಮುಂದೆ ಕೂರಿಸುತ್ತೇನೆ. ಅದರ ಮೇಲೆ ತಂಡದ ಪೂರ್ತಿ ಪಟ್ಟಿ ಇದೆ, ಜಾಗದ ಪ್ರಕಾರ, ಯಾರು ಯಾವ ವರ್ಷ ಓದುತ್ತಿದ್ದಾರೆ ಅನ್ನುವುದರ ಜೊತೆ. "ನಿನ್ನ ಜಾಗದಲ್ಲಿ ಈಗ ಮೂವರಿದ್ದಾರೆ. ಇಬ್ಬರು ಇನ್ನೂ ಎರಡು ವರ್ಷ ಇರ್ತಾರೆ. ಮೊದಲ ವರ್ಷ ನೀನು ಜಾಸ್ತಿ ಆಡೋದು ಅನುಮಾನ. ನಾಲ್ಕು ವರ್ಷದಲ್ಲಿ ಒಂದು ಸಲವೂ ಮೊದಲ ಹನ್ನೊಂದರಲ್ಲಿ ಬರದೇ ಇರಬಹುದು. ಹಾಗಾದ್ರೂ ಈ ಕಾಲೇಜಿಗೆ ಬರ್ತೀಯಾ?" ಅಂತ ಕೇಳುತ್ತೇನೆ. ಕೆಲವರು ಬರುವುದಿಲ್ಲ. ಪಕ್ಕದ ಕಾಲೇಜಿನವರು ಇನ್ನೂ ಸಿಹಿಯಾದ ಮಾತು ಹೇಳಿರುತ್ತಾರೆ, ಅಲ್ಲಿಗೆ ಹೋಗುತ್ತಾರೆ. ಹೋಗಲಿ. ಆ ಬೋರ್ಡ್ ನೋಡಿದ ಮೇಲೂ ಬಂದವಳು ಅಕ್ಟೋಬರ್‌ನಲ್ಲಿ ಬೆಂಚ್ ಮೇಲೆ ಕೂತಾಗ ಮೋಸ ಹೋದೆ ಅಂತ ಅಂದುಕೊಳ್ಳುವುದಿಲ್ಲ. ಬೇಜಾರಂತೂ ಆಗುತ್ತದೆ. ಮೋಸ ಬೇರೆ, ಬೇಜಾರು ಬೇರೆ.

ನಮ್ಮ ಕನ್ನಡದವರದ್ದೂ ಒಂದು ಮಾತು ಬರೆಯಲೇಬೇಕು. ಕನ್ನಡ ಕೂಟದ ಗಣೇಶನ ಹಬ್ಬಕ್ಕೆ ಹೋದರೆ ಯಾರಾದರೂ ಪಕ್ಕಕ್ಕೆ ಕರೆಯುತ್ತಾರೆ. "ಏನಮ್ಮಾ, ನಮ್ಮ ಹುಡುಗಿ ಏಳು ವರ್ಷದಿಂದ ಕ್ಲಬ್ ಆಡ್ತಿದ್ದಾಳೆ. ಎಷ್ಟೊಂದು ದುಡ್ಡು ಸುರಿದಿದ್ದೀವಿ. ಸ್ಕಾಲರ್‌ಶಿಪ್ ಸಿಗುತ್ತೆ ಅಲ್ವಾ?" ನಾನು ಹೇಳುವುದು ಇಷ್ಟೇ. ಅಂಕಲ್, ತೀರಾ ಈಚಿನವರೆಗೆ ಡಿವಿಷನ್ 1ರಲ್ಲೂ ಒಂದು ಮಹಿಳಾ ಸಾಕರ್ ತಂಡಕ್ಕೆ ಇದ್ದದ್ದು 14 ಪೂರ್ತಿ ಸ್ಕಾಲರ್‌ಶಿಪ್ಪಿನಷ್ಟು ದುಡ್ಡು. ಅದನ್ನು ಇಪ್ಪತ್ತು ಮೂವತ್ತು ಜನಕ್ಕೆ ಹಂಚುತ್ತಿದ್ದರು. ನಮ್ಮಲ್ಲಿ ಆಟಕ್ಕೆ ಅಂತ ಬಿಡಿಗಾಸೂ ಇಲ್ಲ, ಆದರೆ ಅಂಕಗಳ ಮೇಲೆ, ಮನೆಯ ಆದಾಯದ ಮೇಲೆ ಕಾಲೇಜು ಸಹಾಯ ಕೊಡುತ್ತದೆ. ಹುಡುಗಿಗೆ ಗಣಿತ ಚೆನ್ನಾಗಿ ಬರುತ್ತಾ ಹೇಳಿ. ಈ ಉತ್ತರ ಅಂಕಲ್‌ಗೆ ಅಷ್ಟೇನೂ ಹಿಡಿಸುವುದಿಲ್ಲ. ಆಂಟಿಗೆ ಹಿಡಿಸುತ್ತದೆ.

ಆಟಗಾರ್ತಿಯರಿಗೆ ತಾವು ಎಲ್ಲಿದ್ದೇವೆ ಅಂತ ಹೇಳುವ ವಿಷಯದಲ್ಲಿ ಈ ವೃತ್ತಿಯ ದೊಡ್ಡ ಹೆಸರು ಆನ್ಸನ್ ಡೊರಾನ್ಸ್. ಹುಟ್ಟಿದ್ದು 1951ರಲ್ಲಿ, ನಮ್ಮ ಮುಂಬೈಯಲ್ಲಿ. ತಂದೆ ತೈಲ ಕಂಪನಿಯ ಕೆಲಸದಲ್ಲಿದ್ದರು, ಊರೂರು ಸುತ್ತಿ ಬೆಳೆದ ಹುಡುಗ. ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದಲ್ಲಿ 1979ರಲ್ಲಿ ಮಹಿಳಾ ತಂಡ ಕಟ್ಟಿ, 2024ರಲ್ಲಿ ನಿವೃತ್ತರಾಗುವ ಹೊತ್ತಿಗೆ 21 ಎನ್‌ಸಿಎಎ ಪ್ರಶಸ್ತಿ ಗೆದ್ದಿದ್ದರು. ಅದರ ಜೊತೆಗೆ 1991ರಲ್ಲಿ ಚೀನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ ಗೆದ್ದ ಅಮೆರಿಕ ತಂಡಕ್ಕೂ ಅವರೇ ಕೋಚ್. ಅಮೆರಿಕದ ಹೆಸರಾಂತ ಆಟಗಾರ್ತಿ ಮಿಯಾ ಹ್ಯಾಮ್ ಬೆಳೆದದ್ದು ಡೊರಾನ್ಸ್ ಕೈಯಲ್ಲೇ. ಅವರ ಪದ್ಧತಿಯನ್ನು ಕಾಂಪಿಟಿಟಿವ್ ಕಾಲ್ಡ್ರನ್ ಅಂತಾರೆ. ಪ್ರಾಕ್ಟೀಸ್‌ನಲ್ಲಿ ಮಾಡಿದ್ದಕ್ಕೆಲ್ಲ ಅಂಕ. ಒಬ್ಬಳ ಎದುರು ಒಬ್ಬಳು ಆಡಿದ್ದು, ಹೆಡ್ ಮಾಡಿದ್ದು, ಓಡಿದ್ದು, ಗೋಲಿಗೆ ಹೊಡೆದಿದ್ದು, ಎಲ್ಲವನ್ನೂ ಬರೆದಿಟ್ಟು ಮೊದಲಿನವಳಿಂದ ಕೊನೆಯವಳವರೆಗೆ ರ‍್ಯಾಂಕ್ ಹಾಕಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸುವುದು. ಅದೇ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಕೋಚ್ ಡೀನ್ ಸ್ಮಿತ್ ಪ್ರಾಕ್ಟೀಸಿನಲ್ಲಿ ಲೆಕ್ಕ ಇಡುತ್ತಿದ್ದದ್ದನ್ನು ನೋಡಿ ಕಲಿತದ್ದು.

ಬೆಂಚ್ ಮೇಲೆ ಕೂತವಳ ಕಡೆಯಿಂದ ನೋಡಿದರೆ ಇದರಲ್ಲಿ ಒಂದು ದೊಡ್ಡ ಅನುಕೂಲ ಇದೆ. ಕೋಚ್‌ಗೆ ನಾನಂದ್ರೆ ಆಗಲ್ಲ ಅನ್ನುವ ಅನುಮಾನಕ್ಕೆ ಜಾಗ ಇರುವುದಿಲ್ಲ. ಗೋಡೆ ಮೇಲೆ ಸಂಖ್ಯೆ ಇದೆ, ಯಾಕೆ ಆಡುತ್ತಿಲ್ಲ ಅಂತ ಅದೇ ಹೇಳುತ್ತದೆ. ನಾನೂ ಅಂಕ ಬರೆದಿಡುತ್ತೇನೆ. ಗೋಡೆಗೆ ಮಾತ್ರ ಅಂಟಿಸುವುದಿಲ್ಲ. ಡೊರಾನ್ಸ್ ಬಳಿ ಬರುತ್ತಿದ್ದವರು ದೇಶದ ತಂಡಕ್ಕೆ ಆಡುವ ಕನಸಿನವರು. ನನ್ನ ಬಳಿ ಬರುವವಳು ಬೆಳಿಗ್ಗೆ ಎಂಟಕ್ಕೆ ಕೆಮಿಸ್ಟ್ರಿ ಲ್ಯಾಬ್ ಮುಗಿಸಿ, ಮಧ್ಯಾಹ್ನ ಲೈಬ್ರರಿಯಲ್ಲಿ ಕೆಲಸ ಮಾಡಿ, ಸಂಜೆ ಪ್ರಾಕ್ಟೀಸ್‌ಗೆ ಬರುತ್ತಾಳೆ, ಅದೂ ಒಂದು ರೂಪಾಯಿ ಸ್ಕಾಲರ್‌ಶಿಪ್ ಇಲ್ಲದೆ. ಅವಳ 27ನೇ ರ‍್ಯಾಂಕನ್ನು ಇಡೀ ತಂಡ ನೋಡಬೇಕಾಗಿಲ್ಲ. ಅವಳಿಗೆ ಗೊತ್ತಿರಬೇಕು, ನನಗೆ ಗೊತ್ತಿರಬೇಕು. ಸಾಕು.

ಹಾಗಾಗಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತು. ಆಗಸ್ಟ್‌ನ ಪ್ರಿಸೀಸನ್ (ಪಂದ್ಯಗಳಿಗೆ ಮೊದಲಿನ ತಯಾರಿ) ಮುಗಿದಾಗ, ಸೀಸನ್ ಮಧ್ಯದಲ್ಲಿ, ನವೆಂಬರ್‌ನಲ್ಲಿ ಮುಗಿದ ಮೇಲೆ. ಇದು ಬೇಸರ ಹಿಡಿಸುವ ಕೆಲಸ ಅಂತ ಹಲವು ಕೋಚ್‌ಗಳು ಅಸಿಸ್ಟೆಂಟ್‌ಗೆ ದಾಟಿಸುತ್ತಾರೆ. ನನ್ನ ಪ್ರಕಾರ ದಾಟಿಸಬಾರದ ಒಂದೇ ಕೆಲಸ ಇದು.

ಒಂದು ಉದಾಹರಣೆ. ಎರಡನೇ ವರ್ಷದ ಹುಡುಗಿ, ಮಿಡ್‌ಫೀಲ್ಡರ್. ಕುರ್ಚಿಯ ತುದಿಯಲ್ಲಿ ಕೂತಿದ್ದಾಳೆ. ಮೇಜಿನ ಮೇಲೆ ಟಿಶ್ಯೂ ಡಬ್ಬ ಇದೆ, ಅದನ್ನು ನೋಡಿಯೇ ಅವಳಿಗೆ ವಿಷಯ ಗೊತ್ತಾಗಿರುತ್ತದೆ. (ಡಬ್ಬವನ್ನು ಆಮೇಲೆ ಡ್ರಾಯರ್‌ಗೆ ಇಟ್ಟೆ. ಬೇಕಾದಾಗ ತೆಗೆದರಾಯಿತು.) "ಕೋಚ್, ನಾನು ಆಡೋಕೆ ಏನು ಮಾಡ್ಬೇಕು?" ಇನ್ನೂ ಕಷ್ಟಪಡು ಅಂದುಬಿಡುವುದು ಬಹಳ ಸುಲಭ. ಅದು ಉತ್ತರವೇ ಅಲ್ಲ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಅವಳು ಆಗಲೇ ಕಷ್ಟಪಡುತ್ತಿದ್ದಾಳೆ. ಲ್ಯಾಪ್‌ಟಾಪ್‌ನಲ್ಲಿ ಹಿಂದಿನ ವಾರದ ಪ್ರಾಕ್ಟೀಸ್ ವಿಡಿಯೊ ಹಾಕಿದೆ. ಚೆಂಡು ಅವಳ ಕಡೆ ಬರುತ್ತಿದೆ. ನಿಲ್ಲಿಸಿದೆ. "ಇಲ್ಲಿ ನಿನ್ನ ತಲೆ ಎಲ್ಲಿದೆ ನೋಡು." ಚೆಂಡನ್ನೇ ನೋಡುತ್ತಿದ್ದಾಳೆ. ಹಿಂದೆ ಎದುರಾಳಿ ಓಡಿ ಬರುತ್ತಿರುವುದು ಅವಳಿಗೆ ಕಂಡಿಲ್ಲ. ಇನ್ನೊಂದು ತುಣುಕು, ಅದೇ ಕಥೆ. "ಚೆಂಡು ಬರೋ ಮೊದಲು ಹೆಗಲ ಮೇಲಿಂದ ಹಿಂದೆ ಒಂದು ಸಲ ನೋಡ್ಬೇಕು. ಈಗ ನೀನು ನೋಡ್ತಾ ಇಲ್ಲ. ಇದೊಂದು ಬಂದರೆ ನಿನ್ನನ್ನ ಎರಡನೇ ಅರ್ಧದಲ್ಲಿ ಇಳಿಸೋ ಬಗ್ಗೆ ಯೋಚಿಸ್ತೀನಿ. ಬಂದರೂ ಆಡಿಸ್ತೀನಿ ಅಂತ ಮಾತು ಕೊಡೋದಿಲ್ಲ, ನಿನ್ನ ಮುಂದೆ ಇರೋರೂ ಕಲೀತಾ ಇದ್ದಾರೆ." ಅತ್ತಳು. ಆಮೇಲೆ ಕೇಳಿದಳು, "ಆ ಎರಡನೇ ಕ್ಲಿಪ್ ಇನ್ನೊಂದು ಸಲ ಹಾಕ್ತೀರಾ?"

ಅವಳು ಆ ವರ್ಷ ಜಾಸ್ತಿ ಆಡಲಿಲ್ಲ. ಹಾಗಂತ ಬಿಟ್ಟೂ ಹೋಗಲಿಲ್ಲ. ಬೆಂಚ್ ಮೇಲಿಂದ ಮಿಡ್‌ಫೀಲ್ಡಿನವರಿಗೆ "ಹಿಂದೆ ಇದ್ದಾಳೆ" ಅಂತ ಅತಿ ಜೋರಾಗಿ ಕೂಗುತ್ತಿದ್ದವಳು ಅವಳೇ.

ಮಂಡಿಯೊಳಗಿನ ಎಸಿಎಲ್ ಅನ್ನುವ ಅಸ್ಥಿರಜ್ಜು ಹರಿದವರ ಕಥೆ ಇನ್ನೂ ಬೇರೆ. ಈ ಗಾಯ ಹುಡುಗರಿಗಿಂತ ಹುಡುಗಿಯರಿಗೆ ಜಾಸ್ತಿ ಆಗುತ್ತದೆ. ಆಪರೇಷನ್ ಆದರೆ ಕಡಿಮೆ ಅಂದರೂ ಒಂಬತ್ತು ತಿಂಗಳು. ನೆನ್ನೆಯವರೆಗೆ ಪ್ರತಿ ಪಂದ್ಯ ಆಡುತ್ತಿದ್ದವಳು ಇವತ್ತು ಊರುಗೋಲು ಹಿಡಿದು ಬೆಂಚ್‌ಗೆ ಬರುತ್ತಾಳೆ. ಅಲ್ಲಿ ಹೇಗಿರಬೇಕು ಅಂತ ಅವಳಿಗೆ ಗೊತ್ತಿರುವುದೇ ಇಲ್ಲ. ಅವಳಿಗೆ ಕೆಲಸ ಕೊಡಬೇಕು, ಸಮಾಧಾನದ ಮಾತಿಗಿಂತ ಅದೇ ಮೇಲು. ಎದುರಾಳಿಗಳ ಕಾರ್ನರ್ ಕಿಕ್ ಎಲ್ಲಿ ಬೀಳುತ್ತಿದೆ ಅಂತ ಬರೆದುಕೋ, ಅರ್ಧಾವಧಿಯಲ್ಲಿ ನೀನೇ ತಂಡಕ್ಕೆ ಹೇಳು ಅಂತೀನಿ.

ಅಪ್ಪ ಅಮ್ಮಂದಿರ ಮೇಲ್ ಬಗ್ಗೆ ಚಿಕ್ಕದಾಗಿ. ಭಾನುವಾರ ರಾತ್ರಿ ಬರುತ್ತದೆ, ಯಾವಾಗಲೂ ಉದ್ದ. ನನ್ನ ನಿಯಮ ಸರಳ: ಪ್ಲೇಯಿಂಗ್ ಟೈಮ್ ಬಗ್ಗೆ ಮಗಳ ಜೊತೆ ಮಾತ್ರ ಮಾತಾಡುತ್ತೇನೆ. ಈ ಮಾತನ್ನು ಆ ಬಿಳಿ ಬೋರ್ಡ್ ಮುಂದೆ ಕೂತಿದ್ದಾಗಲೇ ಹೇಳಿರುತ್ತೇನೆ, ಹಾಗಾಗಿ ಉತ್ತರ ಎರಡು ಸಾಲಿಗೆ ಮುಗಿಯುತ್ತದೆ.

ಈಗ ಡಿವಿಷನ್ 1ರಲ್ಲಿ ಆಗುತ್ತಿರುವುದನ್ನು ನೋಡಿದರೆ ನಮ್ಮ ಕಷ್ಟ ಕಷ್ಟವೇ ಅಲ್ಲ ಅನ್ನಿಸುತ್ತದೆ. ಗ್ರಾಂಟ್ ಹೌಸ್ ಅನ್ನುವ ಈಜುಗಾರನ ಹೆಸರಿನಲ್ಲಿ ಎನ್‌ಸಿಎಎ ವಿರುದ್ಧ ನಡೆದ ಮೊಕದ್ದಮೆಯಲ್ಲಿ, 2025ರಲ್ಲಿ ಕೋರ್ಟ್ ಒಪ್ಪಿದ ಹೌಸ್ ಒಪ್ಪಂದದ ನಂತರ, ಅದಕ್ಕೆ ಸೇರಿದ ವಿಶ್ವವಿದ್ಯಾಲಯಗಳಲ್ಲಿ ಮಹಿಳಾ ಸಾಕರ್ ತಂಡಕ್ಕೆ 28ರ ಮಿತಿ ಬಂತು. ಸ್ಕಾಲರ್‌ಶಿಪ್ ಎಷ್ಟು ಜನಕ್ಕಾದರೂ ಕೊಡಬಹುದು, ತಂಡ ಮಾತ್ರ 28 ದಾಟುವ ಹಾಗಿಲ್ಲ. ಮೊದಲಿಗೆ ಏಟು ಬಿದ್ದಿದ್ದು ಸ್ಕಾಲರ್‌ಶಿಪ್ ಇಲ್ಲದೆ ಆಡುತ್ತಿದ್ದ ವಾಕ್‌ಆನ್ ಹುಡುಗಿಯರಿಗೆ, ಅಂದರೆ ಬೆಂಚ್ ಮೇಲಿದ್ದವರಿಗೆ. ಜೊತೆಗೆ 2018ರಲ್ಲಿ ಶುರುವಾದ ಟ್ರಾನ್ಸ್‌ಫರ್ ಪೋರ್ಟಲ್ ಇದೆ. ಆಡಲು ಸಿಗದವಳು ಹೆಸರು ಹಾಕಿ ಬೇರೆ ಕಾಲೇಜಿಗೆ ಹೋಗಬಹುದು. ಹೋಗುವುದು ಅವಳ ಹಕ್ಕು, ನನಗೆ ಅದರಲ್ಲಿ ತಕರಾರಿಲ್ಲ. ಆದರೆ ಹಾಗೆ ಬರುವವರು ಫೋನಿನಲ್ಲಿ ಹೇಳುವುದು ಕೇಳಿದರೆ ಬೇಜಾರಾಗುತ್ತದೆ. ಎಷ್ಟೋ ಜನಕ್ಕೆ ತಾವು ಆಡುವುದಿಲ್ಲ ಅಂತ ಗೊತ್ತಾಗಿದ್ದು ಪಂದ್ಯದ ದಿನ ಪಟ್ಟಿ ಓದಿದಾಗ. ಮುಂಚೆ ಯಾರೂ ಹೇಳಿರಲಿಲ್ಲ.

ಕಿರಿಯ ಅಸಿಸ್ಟೆಂಟ್‌ಗಳು ನನ್ನನ್ನು ಕೇಳುವುದು ಬೇರೆಯೇ: ಹೆಡ್ ಕೋಚ್ ಆಗೋದು ಯಾವಾಗ? ಅವರಿಗೆ ಎರಡು ಹೆಸರು ಹೇಳುತ್ತೇನೆ. ಬೆಕಿ ಬರ್ಲಿ ಜಾರ್ಜಿಯಾದ ಬೆರಿ ಕಾಲೇಜ್ ಅನ್ನುವ ಸಣ್ಣ ಜಾಗದಲ್ಲಿ ಕೆಲಸ ಕಲಿತು, 1995ರಲ್ಲಿ ಫ್ಲೊರಿಡಾ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ತಂಡ ಕಟ್ಟಿದರು. 1998ರಲ್ಲಿ ಡೊರಾನ್ಸ್ ತಂಡವನ್ನೇ 1-0ಯಿಂದ ಸೋಲಿಸಿ ಪ್ರಶಸ್ತಿ ಗೆದ್ದರು. ಇನ್ನೊಬ್ಬರು ಮಾರ್ಗರೀಟ್ ಅವೊಝಾಸಾ. ಸ್ಟ್ಯಾನ್‌ಫರ್ಡ್‌ನಲ್ಲಿ ವರ್ಷಗಟ್ಟಲೆ ಅಸಿಸ್ಟೆಂಟ್ ಆಗಿದ್ದು, 2022ರಲ್ಲಿ ಯುಸಿಎಲ್‌ಎ ವಿಶ್ವವಿದ್ಯಾಲಯದ ಹೆಡ್ ಕೋಚ್ ಆದ ಮೊದಲ ವರ್ಷವೇ ಪ್ರಶಸ್ತಿ ಗೆದ್ದವರು. ಆ ಫೈನಲ್‌ನಲ್ಲಿ ಅವರ ತಂಡ 2-0 ಹಿಂದಿತ್ತು. 16 ಸೆಕೆಂಡ್ ಉಳಿದಿದ್ದಾಗ ಸಮ ಮಾಡಿ, ಹೆಚ್ಚುವರಿ ಸಮಯದಲ್ಲಿ 3-2 ಗೆದ್ದರು.

ಹೆಂಗಸರ ಆಟಕ್ಕೆ ಹೆಂಗಸರೇ ಕೋಚ್ ಆಗಿರುತ್ತಾರೆ ಅಂತ ಅಂದುಕೊಳ್ಳಬೇಡಿ. ಟೈಟಲ್ ನೈನ್ ಬರುವ ಮೊದಲು ಕಾಲೇಜು ಮಹಿಳಾ ತಂಡಗಳಲ್ಲಿ ಶೇಕಡಾ 90ಕ್ಕೂ ಜಾಸ್ತಿ ಹೆಂಗಸರೇ ಕೋಚ್. ಕಾನೂನು ಬಂದು ಸಂಬಳ ಸರಿಹೋದ ಮೇಲೆ ಗಂಡಸರು ಬಂದರು. ಈಗ ಅರ್ಧಕ್ಕಿಂತ ಕಡಿಮೆ. ಆದ್ದರಿಂದ ಅಸಿಸ್ಟೆಂಟ್ ಕೆಲಸವನ್ನು ಕಾಯುವ ಕೋಣೆ ಅಂದುಕೊಂಡು ಬಿಟ್ಟುಹೋಗಬೇಡಿ ಅಂತ ಹುಡುಗಿಯರಿಗೆ ಹೇಳುತ್ತೇನೆ. ಹೆಡ್ ಕೋಚ್ ಗೆರೆಯ ಪಕ್ಕ ನಿಂತು ಕೂಗುತ್ತಿರುವಾಗ ಅಸಿಸ್ಟೆಂಟ್ ಕೂರುವುದು ಬೆಂಚ್ ಮೇಲೆ. ಯಾರು ಮುನಿಸಿಕೊಂಡಿದ್ದಾರೆ, ಯಾರಿಗೆ ಮನೆಯಿಂದ ಕೆಟ್ಟ ಸುದ್ದಿ ಬಂದಿದೆ, ಯಾರು ಬಿಡುವ ಯೋಚನೆಯಲ್ಲಿದ್ದಾರೆ ಅನ್ನುವುದು ಮೊದಲು ಗೊತ್ತಾಗುವುದು ಅವರಿಗೆ. ಆ ಕಿವಿ ಹೆಡ್ ಕೋಚ್ ಆದ ಮೇಲೆ ಮಂದವಾಗುತ್ತದೆ. ಅದಕ್ಕೇ ನಾನು ನನ್ನ ಅಸಿಸ್ಟೆಂಟ್ ಹತ್ತಿರ ಪ್ರತಿ ಸೋಮವಾರ ಮೊದಲು ಕೇಳುವುದು ಆಡದೇ ಇದ್ದವರ ಸುದ್ದಿ.

ಈ ವರ್ಷ ಅಡ್ಮಿಷನ್ ಕಡೆಯಿಂದ 34 ಅಂತ ಸಂಖ್ಯೆ ಬಂತು. ನಾನು 26 ಅಂದೆ. ಅಥ್ಲೆಟಿಕ್ ಡೈರೆಕ್ಟರ್ ಆಫೀಸಿನಲ್ಲಿ ಚೌಕಾಸಿ ಮಾಡಿ 30ಕ್ಕೆ ನಿಂತಿತು. 30 ಕೊಟ್ಟಿದ್ದಕ್ಕೆ ಬದಲಾಗಿ ನಾನು ಒಂದು ಕೇಳಿದೆ: ಆಡದವರಿಗೆ ಸೋಮವಾರದ ರಿಸರ್ವ್ ಪಂದ್ಯಗಳು. ಸುತ್ತಮುತ್ತಲ ಕಾಲೇಜುಗಳಲ್ಲೂ ಇದೇ ಸಮಸ್ಯೆ, ಅವರೂ ಖುಷಿಯಿಂದ ಒಪ್ಪಿಕೊಂಡರು. ಬಸ್ಸಿಗೆ ಪೂರ್ತಿ ದುಡ್ಡು ಸಿಗಲಿಲ್ಲ, ಕಾಲೇಜಿನ ವ್ಯಾನ್‌ಗಳಲ್ಲಿ ಹೋಗಬೇಕು, ಒಂದನ್ನು ನಾನೇ ಓಡಿಸುತ್ತೇನೆ. ಮೊದಲ ಪಂದ್ಯ ಸೆಪ್ಟೆಂಬರ್ ಎರಡನೇ ಸೋಮವಾರಕ್ಕೆ ಗೊತ್ತಾಗಿದೆ. ರೆಫರಿ ಇನ್ನೂ ಸಿಕ್ಕಿಲ್ಲ.